ಕೆಂಪು ನೆಲದ ಲೆಕ್ಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಎಚ್ಚರಿಸಿದ್ದಾರೆ. ಹಳೆಯ ಮನೆಯನ್ನು ಕೊಂಡು, ದುರಸ್ತಿ ಮಾಡಿಸಿ, ಲಾಭಕ್ಕೆ ಮಾರಿ ನೋಡು ಎಂದು ಅವರು ಹೇಳಿಲ್ಲ. ಹೇಳಿದ್ದರೆ ನಾವು ಕೇಳುತ್ತಿದ್ದೆವು ಎಂದೂ ಅಲ್ಲ. ಮದುವೆ ಆಗಿ ಹದಿನೆಂಟು ವರ್ಷವಾಯಿತು. ಮನೆ ಕಟ್ಟುವ ಯೋಗ ಇನ್ನೂ ಬಂದಿಲ್ಲ. ಯಾರೂ ಹೇಳದ ಆ ಮೂರನೆಯ ಸಾಹಸವನ್ನು ಮಾತ್ರ ಮಾಡಿ ನೋಡಿದ್ದೇವೆ. ಅದರ ವೃತ್ತಾಂತವಿದು.

ನಾವು ಎಂದರೆ ಗಂಡ ಹೆಂಡತಿ ಇಬ್ಬರು. ಕೇಂದ್ರ ಸರ್ಕಾರದ ನೌಕರಿ ನಮ್ಮಲ್ಲಿ ಒಬ್ಬರಿಗೆ ಮಾತ್ರ, ವರ್ಗಾವಣೆ ಇಬ್ಬರಿಗೂ. 2017ರಲ್ಲಿ ಕೋಲ್ಕತ್ತಕ್ಕೆ ಬಂದಾಗ ಅಲಿಪುರದಲ್ಲಿ ಸರ್ಕಾರಿ ವಸತಿಗೃಹ ದೊರೆಯಿತು. ಸರ್ಕಾರಿ ಮನೆಗಳಲ್ಲಿ ಬಹುಕಾಲ ಬದುಕಿದವರಿಗೆ ಗೋಡೆಗಳೊಡನೆ ಒಂದು ವಿಚಿತ್ರವಾದ ನಂಟು ಬೆಳೆಯುತ್ತದೆ. ಮೊಳೆ ಹೊಡೆಯುವಾಗ ಕೈ ಅಳುಕುತ್ತದೆ. ಸೂರು ಸೋರಿದರೆ ದೂರಿನ ಪುಸ್ತಕದಲ್ಲಿ ಬರೆದು ಕಾಯುತ್ತೇವೆ. ಮನೆಯೂ ನಮ್ಮದಲ್ಲ, ಸೋರಿಕೆಯೂ ನಮ್ಮದಲ್ಲ. ಮೂವತ್ತರ ವಯಸ್ಸಿನಲ್ಲಿ ಇದು ಸ್ವಾತಂತ್ರ್ಯವೆನಿಸಿತ್ತು. ನಲವತ್ತು ದಾಟಿದ ಮೇಲೆ, ನಿವೃತ್ತಿಯ ಮರುದಿನ ಗಂಟುಮೂಟೆ ಹೊತ್ತು ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ರಾತ್ರಿಯ ಹೊತ್ತು ಕಾಡತೊಡಗಿತು. ಬೆಂಗಳೂರಿನ ನಿವೇಶನಗಳ ಬೆಲೆ ನಮ್ಮ ಸಂಬಳಕ್ಕಿಂತ ಯಾವಾಗಲೂ ನಾಲ್ಕು ಹೆಜ್ಜೆ ಮುಂದೆಯೇ ಓಡುತ್ತಿತ್ತು.

ಆಗ ದಾರಿ ತೋರಿದವರು ಬೆಂಗಳೂರಿನ ಭಾವನವರು. ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದು, ಹಳೆಯ ಬಡಾವಣೆಗಳಲ್ಲಿ ಮಂಕಾದ ಮನೆಗಳನ್ನು ಕೊಂಡು, ಸ್ನಾನದ ಮನೆ, ಅಡುಗೆಮನೆ, ಮುಂಬಾಗಿಲು ಇಷ್ಟನ್ನು ಹೊಸದು ಮಾಡಿಸಿ ಮಾರುವುದು ಅವರ ಕಸುಬಾಗಿತ್ತು. "ಹಳೇ ಮನೇಲಿ ದುಡ್ಡು ಗೋಡೆ ಒಳಗೇ ಇರುತ್ತೆ ಕಣ್ರಯ್ಯಾ, ಹೊರಗೆ ತೆಗೆಯೋದು ಗೊತ್ತಿರಬೇಕು ಅಷ್ಟೆ" ಎನ್ನುತ್ತಿದ್ದರು. ಅಮೆರಿಕದಲ್ಲಿ ಈ ಕಸುಬಿನವರು ಪಾಲಿಸುವ ಸೂತ್ರವೊಂದನ್ನೂ ಅವರೇ ಕಲಿಸಿದರು: ದುರಸ್ತಿಯ ನಂತರ ಮನೆಗೆ ಬರಬಹುದಾದ ಬೆಲೆಯ ಶೇ 70ರಲ್ಲಿ ದುರಸ್ತಿಯ ವೆಚ್ಚವನ್ನು ಕಳೆಯಿರಿ; ಉಳಿದುದಕ್ಕಿಂತ ಹೆಚ್ಚು ಕೊಟ್ಟು ಮನೆ ಕೊಳ್ಳಬೇಡಿ. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದ ತಲೆಗೂ ಹತ್ತುವಷ್ಟು ಸರಳವಾದ ಲೆಕ್ಕ.

ಮನೆ ಕೊಂಡು ಮಾರುವುದು ಅಲಿಪುರಕ್ಕೆ ಹೊಸದೂ ಅಲ್ಲ. ನಾವು ದಿನಬೆಳಗಾದರೆ ವಾಯುವಿಹಾರಕ್ಕೆ ಹೋಗುವ ಹಾದಿಯಲ್ಲಿ ಬೆಲ್ವೆಡೇರ್ ಇದೆ. ವಾರನ್ ಹೇಸ್ಟಿಂಗ್ಸ್ 1780ರಲ್ಲಿ ಅದನ್ನು ಟಾಲಿ ಎಂಬ ಸೇನಾಧಿಕಾರಿಗೆ ಮಾರಿದ. ಅದೇ ಟಾಲಿ ಹೂಳು ತೆಗೆಸಿದ ಕಾಲುವೆ ಇಂದಿಗೂ ಟಾಲಿ ನಾಲಾ ಎಂಬ ಹೆಸರಿನಲ್ಲಿ ಕಾಳಿಘಾಟಿನ ಪಕ್ಕದಲ್ಲಿ ಕಪ್ಪಗೆ ಹರಿಯುತ್ತಿದೆ. ಮುಂದೆ ಆ ಮನೆ ಲೆಫ್ಟಿನೆಂಟ್ ಗವರ್ನರುಗಳ ನಿವಾಸವಾಯಿತು; ಸ್ವಾತಂತ್ರ್ಯಾನಂತರ ರಾಷ್ಟ್ರೀಯ ಗ್ರಂಥಾಲಯವಾಗಿ, 1953ರಲ್ಲಿ ಮೌಲಾನಾ ಅಬುಲ್ ಕಲಾಂ ಆಜಾದರು ಅದನ್ನು ಸಾರ್ವಜನಿಕರಿಗೆ ತೆರೆದರು. 2010ರಲ್ಲಿ ಅದರ ಜೀರ್ಣೋದ್ಧಾರಕ್ಕಾಗಿ ಅಳತೆ ಮಾಡುತ್ತಿದ್ದಾಗ, ನೆಲಮಹಡಿಯಲ್ಲಿ ಬಾಗಿಲೂ ಇಲ್ಲದ ಕಿಟಕಿಯೂ ಇಲ್ಲದ ಕೋಣೆಯೊಂದಿರುವುದು ಪುರಾತತ್ವ ಇಲಾಖೆಯವರ ಗಮನಕ್ಕೆ ಬಂತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಒಳಗೆ ನಿಧಿಯಿರಬಹುದೆಂದರು, ಅಸ್ಥಿಪಂಜರಗಳಿರಬಹುದೆಂದರು. ಕೊನೆಗೆ ನೋಡಿದರೆ ಅದು ಕೋಣೆಯೇ ಅಲ್ಲ. ಕಟ್ಟಡಕ್ಕೆ ಬಲ ಕೊಡಲೆಂದು ಮಣ್ಣು ತುಂಬಿ ಮುಚ್ಚಿದ ಭಾಗ. ಈ ಕಥೆಯನ್ನು ಕೇಳಿ ನಾವು ನಕ್ಕಿದ್ದೆವು. ಅದನ್ನು ಭಾವನವರ ಮಾತಿನ ಪಕ್ಕದಲ್ಲಿಟ್ಟು ನೋಡುವ ಬುದ್ಧಿ ಆಗ ಬರಲಿಲ್ಲ.

ಅಲಿಪುರದ ಬಂಗಲೆಗಳು ನಮ್ಮಂಥವರ ಕನಸಿಗೂ ಎಟುಕುವಂಥವಲ್ಲ. ಅದಕ್ಕೆ ಅಂಟಿಕೊಂಡಂತೆಯೇ ಇರುವ ಚೇತ್ಲಾದ ಗಲ್ಲಿಗಳಲ್ಲಿ ಹುಡುಕಾಟ ಆರಂಭಿಸಿದೆವು. 2018ರ ಮಳೆಗಾಲದಿಂದ ಚಳಿಗಾಲದವರೆಗೆ ಹದಿನಾಲ್ಕು ಮನೆಗಳನ್ನು ನೋಡಿದೆವು. ಮೊದಲು ಮೆಚ್ಚಿದ ಮನೆಗೆ ಕೈ ಹಾಕುವ ಮುನ್ನ ವಕೀಲರು ತಡೆದರು. ಅದು ಠಿಕಾ ಜಮೀನು. ಹಿಂದೆ ಜಮೀನ್ದಾರರಿಂದ ನೆಲವನ್ನಷ್ಟೇ ಬಾಡಿಗೆಗೆ ಪಡೆದು ಅದರ ಮೇಲೆ ಮನೆ ಕಟ್ಟಿಕೊಂಡವರನ್ನು ಇಲ್ಲಿ ಠಿಕಾದಾರರೆನ್ನುತ್ತಾರೆ. ಈಗ ಆ ನೆಲ ರಾಜ್ಯ ಸರ್ಕಾರದ್ದು. ಮಕ್ಕಳಿಗೆ ವಾರಸಾಗಿ ಹೋದೀತೇ ಹೊರತು ನಮ್ಮಂಥ ಹೊರಗಿನವರಿಗೆ ಕ್ರಯವಾಗದು. ಮನೆಯ ಗೋಡೆ ಒಬ್ಬರದು, ಅಡಿಯ ನೆಲ ಇನ್ನೊಬ್ಬರದು. ಎರಡನೆಯ ಮನೆಗೆ ಏಳು ಜನ ದಾಯಾದಿಗಳಿದ್ದರು. ಅವರಲ್ಲಿ ಇಬ್ಬರು ಎಲ್ಲಿದ್ದಾರೆಂಬುದು ಉಳಿದ ಐವರಿಗೆ ಗೊತ್ತಿರಲಿಲ್ಲ. ಹಳೆಯ ಮನೆಯನ್ನು ಪರೀಕ್ಷಿಸುವುದೆಂದರೆ ಗೋಡೆ ತಟ್ಟಿ ನೋಡುವುದು ಎಂದುಕೊಂಡಿದ್ದ ನಮಗೆ, ಮೊದಲು ತಟ್ಟಬೇಕಾದದ್ದು ಕಾಗದಗಳನ್ನು ಎಂದು ತಿಳಿಯಿತು. ವಿಭಾಗಪತ್ರ, ನಗರಪಾಲಿಕೆಯ ಖಾತೆ, ಮೂವತ್ತು ವರ್ಷಗಳ ನೋಂದಣಿಯ ಶೋಧನೆ, ಕಟ್ಟಿದವರ ಮಂಜೂರಾದ ನಕ್ಷೆ. ಈ ನಾಲ್ಕೂ ಸರಿಯಿದ್ದ ಮನೆ ಒಂದೇ ಸಿಕ್ಕಿತು.

ಅದು 1960ರ ದಶಕದ ಮೂರಂತಸ್ತಿನ ಮನೆಯ ನೆಲಮಹಡಿ. ಎರಡು ಮಲಗುವ ಕೋಣೆ, ಒಂದು ನಡುಮನೆ, ಒಂದು ಪುಟ್ಟ ಕೋಣೆ. ಮೂವರು ಸೋದರರಿಗೆ ಒಂದೊಂದು ಮಹಡಿ ಪಾಲಾಗಿ, ಕೆಳಗಿನದು ಹಿರಿಯವರ ವಿಧವೆಗೆ ಬಂದಿತ್ತು. ಎಪ್ಪತ್ತೆಂಟರ ಆ ಮಾಶಿಮಾ ಪುಣೆಯಲ್ಲಿರುವ ಮಗನ ಮನೆಗೆ ಹೊರಟು ನಿಂತಿದ್ದರು. ಮನೆಯ ಮುಂದೆ ಬೀದಿಗೆ ಚಾಚಿದ ಸಿಮೆಂಟಿನ ಕಟ್ಟೆ. ಬಂಗಾಳಿಗರು ಅದನ್ನು ರಕ್ ಎನ್ನುತ್ತಾರೆ. ನಮ್ಮ ಕಣ್ಣಿಗೆ ಅದು ಜಗಲಿಯೇ. ಕಿಟಕಿಗಳಿಗೆ ಹಸಿರು ಬಣ್ಣದ ಮರದ ಪಟ್ಟಿಗಳ ಕದಗಳು, ಅವರ ಭಾಷೆಯಲ್ಲಿ ಖಡಖಡಿ. ಒಳಗೆ ಕಾಲಿಟ್ಟೊಡನೆ ಕರಿಯ ಅಂಚಿನ ಕೆಂಪು ಗಾರೆಯ ನೆಲ. ಸಾಗರದ ಕಡೆಯ ಅಜ್ಜಿಮನೆಯಲ್ಲಿ ಬೇಸಗೆಯ ಮಧ್ಯಾಹ್ನ ಬರಿಮೈಯಲ್ಲಿ ಮಲಗುತ್ತಿದ್ದ ನೆಲ ಅದೇ. ಎರಡು ಸಾವಿರ ಕಿಲೋಮೀಟರಿನಾಚೆ ಅದೇ ತಂಪು ಅಂಗಾಲಿಗೆ ತಗುಲಿದಾಗ ಇಬ್ಬರೂ ಒಂದು ಕ್ಷಣ ಮಾತಾಡಲಿಲ್ಲ.

ಇಂಥ ಮನೆಗಳ ಪರವಾಗಿ ಕಾದಂಬರಿಕಾರ ಅಮಿತ್ ಚೌಧುರಿ 2015ರಲ್ಲಿ ಒಂದು ಚಳವಳಿಯನ್ನೇ ಆರಂಭಿಸಿದ್ದರು. ಅರಮನೆಗಳನ್ನು ಉಳಿಸಲು ಕಾನೂನುಗಳಿವೆ. ವಕೀಲರು, ವೈದ್ಯರು, ಉಪಾಧ್ಯಾಯರು ಕಟ್ಟಿಸಿದ ಈ ಸಾಮಾನ್ಯ ಮನೆಗಳೇ ಕೋಲ್ಕತ್ತದ ಮುಖ, ಅವನ್ನು ಕಾಯುವವರಿಲ್ಲ ಎಂಬುದು ಅವರ ಅಳಲು. ಅವರ ಬರಹವನ್ನು ಓದಿ ತಲೆದೂಗಿದವರಲ್ಲಿ ನಾವೂ ಇದ್ದೆವು. ತಲೆದೂಗುವುದಕ್ಕೆ ಖರ್ಚಿಲ್ಲ.

ಬೆಲೆ 36 ಲಕ್ಷಕ್ಕೆ ಕುದುರಿತು. ದುರಸ್ತಿಯಾದ ಮೇಲೆ 55 ಬರುತ್ತದೆ ಎಂದ ದಲಾಲಿ. ಸೂತ್ರದ ಪ್ರಕಾರ 55ರ ಶೇ 70 ಎಂದರೆ 38 ಲಕ್ಷ 50 ಸಾವಿರ. ದುರಸ್ತಿಗೆ ಮೂರೂವರೆ ಕಳೆದರೆ 35. ಒಂದೇ ಲಕ್ಷ ಹೆಚ್ಚು, ಪರವಾಗಿಲ್ಲ ಎಂದುಕೊಂಡೆವು. ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳು, 1964, ಇವುಗಳ 18ನೇ ನಿಯಮದಂತೆ ಸ್ಥಿರಾಸ್ತಿಯ ವ್ಯವಹಾರವನ್ನು ಕಚೇರಿಗೆ ಮುಂಚಿತವಾಗಿ ತಿಳಿಸಬೇಕು. ಹಣದ ಮೂಲ, ಸಾಲದ ವಿವರ, ಮಾರುವವರೊಡನೆ ಕಚೇರಿಯ ವ್ಯವಹಾರವೇನಾದರೂ ಇದೆಯೇ, ಎಲ್ಲವನ್ನೂ ನಮೂನೆಯಲ್ಲಿ ತುಂಬಿ ಕೊಟ್ಟೆವು. ಉದ್ದೇಶವೆಂಬ ಕಡೆ ಹೂಡಿಕೆ ಎಂದು ಬರೆದೆವು. 2019ರ ಫೆಬ್ರವರಿಯಲ್ಲಿ ನೋಂದಣಿಯಾಯಿತು.

ಬೀಗದ ಕೈ ಕೊಡುವಾಗ ಮಾಶಿಮಾ ಒಂದೇ ಮಾತು ಹೇಳಿದರು. "ಬೌಮಾ, ನೀವು ನಿಮಗೆ ಬೇಕಾದಂತೆ ಮಾಡಿಕೊಳ್ಳಿ. ಈ ನೆಲವನ್ನು ಮಾತ್ರ ಒಂದು ವರ್ಷ ಒರೆಸಿ ನೋಡಿ, ಆಮೇಲೆ ಯೋಚಿಸಿ." ಅವರ ಪಾಲಿಗೆ ನಾವು ಅಲ್ಲಿ ಸಂಸಾರ ಹೂಡಲು ಬಂದವರು. ಅಲ್ಲವೆಂದು ನಾವು ಹೇಳಲಿಲ್ಲ. ಹೂಂಗುಟ್ಟಿದೆವು.

ಕೆಲಸಕ್ಕೆ ಸಿಕ್ಕಿದ ಮಿಸ್ತ್ರಿ ಒಳ್ಳೆಯ ಮನುಷ್ಯ, ತಂದೆಯ ಕಾಲದಿಂದ ಗಾರೆ ಕೆಲಸದವನು. ಮೊದಲ ದಿನವೇ ಬೀದಿ ಬದಿಯ ಕೋಣೆಯ ಗೋಡೆಯನ್ನು ಉಗುರಿನಿಂದ ಕೆರೆದು, ಬಿಳಿಯ ಹುಡಿಯನ್ನು ನಾಲಿಗೆಗೆ ಮುಟ್ಟಿಸಿ, "ನೋನಾ" ಎಂದ. ಉಪ್ಪು. ಹಳೆಯ ಇಟ್ಟಿಗೆ ನೆಲದಡಿಯ ನೀರನ್ನು ದೀಪದ ಬತ್ತಿ ಎಣ್ಣೆ ಹೀರಿದಂತೆ ಮೇಲಕ್ಕೆ ಹೀರುತ್ತದೆ. ನೀರಿನೊಡನೆ ಉಪ್ಪೂ ಬರುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಹರಳುಗಟ್ಟಿ ಗಿಲಾವನ್ನು ಒಳಗಿನಿಂದ ದೂಡಿ ಉದುರಿಸುತ್ತದೆ. ಹಳಬರು ಸುಣ್ಣ ಸುರ್ಕಿಯ ಗಿಲಾವು ಮಾಡುತ್ತಿದ್ದರು. ಅದರಲ್ಲಿ ಗೋಡೆ ಉಸಿರಾಡುತ್ತಿತ್ತು, ತೇವ ಹೊರಹೋಗುತ್ತಿತ್ತು. ಆಮೇಲೆ ಯಾರೋ ಅದರ ಮೇಲೆ ಸಿಮೆಂಟು ಬಳಿದಿದ್ದರು. ಉಸಿರು ಕಟ್ಟಿದ ಗೋಡೆಯಲ್ಲಿ ತೇವ ಸೊಂಟದೆತ್ತರಕ್ಕೆ ಏರಿತ್ತು.

ಪರಿಹಾರ ಎರಡು. ಗೋಡೆಯ ಬುಡದುದ್ದಕ್ಕೂ ಸಾಲಾಗಿ ತೂತು ಕೊರೆದು ನೀರು ಏರದಂತೆ ತಡೆಯುವ ರಾಸಾಯನಿಕ ತುಂಬಿಸಿ, ಸಿಮೆಂಟು ಕಿತ್ತು ಮತ್ತೆ ಸುಣ್ಣದ ಗಿಲಾವು ಮಾಡುವುದು. ಖರ್ಚು 1 ಲಕ್ಷ 10 ಸಾವಿರ, ಗೋಡೆ ಒಣಗಲು ಆರೇಳು ತಿಂಗಳು. ಇಲ್ಲವೇ ಮರದ ಬಣ್ಣದ ಪಿವಿಸಿ ಹಲಗೆಗಳನ್ನು ಹೊಡೆದು ಮುಚ್ಚುವುದು. 22 ಸಾವಿರ, ಎರಡು ದಿನ. "ಇರುವುದಕ್ಕಾದರೆ ಮೊದಲನೆಯದು, ಮಾರುವುದಕ್ಕಾದರೆ ಎರಡನೆಯದು" ಎಂದ ಮಿಸ್ತ್ರಿ. ವ್ಯಂಗ್ಯವಿಲ್ಲದೆ, ಅಂಗಡಿಯವನು ಎರಡು ದರದ ಅಕ್ಕಿ ತೋರಿಸುವಂತೆ ಹೇಳಿದ. ಈ ಕಸುಬಿನ ಇಡೀ ಪಾಠ ಆ ಒಂದು ವಾಕ್ಯದಲ್ಲಿತ್ತು. ನಾವು ಎರಡನೆಯದನ್ನು ಆರಿಸಿಕೊಂಡೆವು.

ಉಳಿದ ಪಾಠಗಳನ್ನು ಬೇಗ ಹೇಳಿ ಮುಗಿಸಬಹುದು. ಸ್ವಿಚ್ಚು ಬದಲಾಯಿಸಲು ಹೋದರೆ ಗೋಡೆಯೊಳಗಿನ ತಂತಿಗಳ ಹೊದಿಕೆ ಮುಟ್ಟಿದರೆ ಪುಡಿಯಾಗುವಂತಿತ್ತು. ಇಡೀ ಮನೆಗೆ ಹೊಸ ತಂತಿ. ನಲ್ಲಿ ಬದಲಾಯಿಸಲು ಹೋದರೆ ಕಬ್ಬಿಣದ ಕೊಳವೆ ಒಳಗೆ ಬೆರಳೂ ಹೋಗದಷ್ಟು ತುಕ್ಕು, ಹೊಸ ಕೊಳವೆ. ಹಳೆಯ ಮನೆಯಲ್ಲಿ ಯಾವ ಕೆಲಸವೂ ಒಂದೇ ಆಗಿರುವುದಿಲ್ಲ, ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ. ಮೂರೂವರೆ ಲಕ್ಷದ ಅಂದಾಜು ಬೇಸಗೆಯ ಹೊತ್ತಿಗೆ ಐದಾಯಿತು.

ನೆಲದ ಸರದಿ 2019ರ ಡಿಸೆಂಬರಿನಲ್ಲಿ ಬಂತು. ಮಾಶಿಮಾ ಕೇಳಿದ್ದ ಒಂದು ವರ್ಷ ಇನ್ನೂ ತುಂಬಿರಲಿಲ್ಲ. ಕೊಳ್ಳುವವರು ಕೆಂಪು ನೆಲ ನೋಡಿದರೆ ಹಳೇ ಮನೆ ಎಂದುಕೊಳ್ಳುತ್ತಾರೆ, ಬಿಳಿ ಟೈಲ್ಸ್ ಹಾಕಿದರೆ ಕೋಣೆ ದೊಡ್ಡದಾಗಿ ಕಾಣುತ್ತದೆ ಎಂದು ದಲಾಲಿ ಒತ್ತಾಯಿಸಿದ. ಹಳೆಯ ನೆಲದ ಮೇಲೆಯೇ ಟೈಲ್ಸ್ ಕೂರಿಸಿದರೆ ಮಟ್ಟ ಒಂದೂವರೆ ಇಂಚು ಏರಿ ಎಲ್ಲ ಬಾಗಿಲುಗಳನ್ನೂ ಕೊಯ್ಯಬೇಕಾಗುತ್ತದೆಂದು, ಅಗೆದು ತೆಗೆಯಲು ಹೇಳಿದೆವು. ನಡುಮನೆ ಮತ್ತು ದೊಡ್ಡ ಕೋಣೆಯ ನೆಲವನ್ನು ಒಡೆಯಲು ಇಬ್ಬರು ಆಳುಗಳಿಗೆ ನಾಲ್ಕು ದಿನ ಹಿಡಿಯಿತು. ಅಷ್ಟು ಗಟ್ಟಿ. ಮಿಸ್ತ್ರಿ ತುಂಡೊಂದನ್ನು ಎತ್ತಿ ಅದರ ಮೇಲ್ಪದರವನ್ನು ತೋರಿಸಿದ. ಕೆಂಪು ಬಣ್ಣ ಬೆರೆಸಿದ ಗಾರೆಯನ್ನು ಒಂದೇ ಸಲಕ್ಕೆ ಎಳೆದು, ಅದು ಹದವಾಗಿ ಆರುವ ಹೊತ್ತಿಗೆ ಸರಿಯಾಗಿ ಕರಣೆಯಿಂದ ಉಜ್ಜಿ ಉಜ್ಜಿ, ದಿನಗಟ್ಟಲೆ ನೀರು ನಿಲ್ಲಿಸಿ ಮಾಡಿದ ಕೆಲಸ. "ನನ್ನ ತಂದೆ ಮಾಡುತ್ತಿದ್ದರು, ನನಗೆ ಬರುವುದಿಲ್ಲ" ಎಂದ. ಆ ತುಂಡುಗಳು ಹದಿನೇಳು ಚೀಲಗಳಾಗಿ ಲಾರಿ ಹತ್ತಿದವು. ಅವನ್ನು ಸಾಗಿಸಲು ಕೊಟ್ಟ ಕೂಲಿಯೂ ಲೆಕ್ಕದಲ್ಲಿ ಸೇರಿದೆ.

ಪುಟ್ಟ ಕೋಣೆಯ ನೆಲ ಮಾತ್ರ ಉಳಿಯಿತು. ನಾವು ಉಳಿಸಿದ್ದಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಆಳುಗಳು ಊರು ಸೇರಿದರು. ಅಷ್ಟರಲ್ಲಿ ಬೀದಿ ಬದಿಯ ಕಿಟಕಿಗಳ ಖಡಖಡಿಗಳನ್ನು ಕಿತ್ತು ಅಲ್ಯೂಮಿನಿಯಮ್ ಚೌಕಟ್ಟಿನ ಗಾಜುಗಳನ್ನು ಕೂರಿಸಿಯಾಗಿತ್ತು. ಸ್ಕೂಟರ್ ನಿಲ್ಲಿಸಲು ಅನುಕೂಲವಾಗಲೆಂದು ಜಗಲಿಯನ್ನೂ ಒಡೆಸಬೇಕೆಂದಿದ್ದೆವು. ಅದು ಮೂವರಿಗೂ ಸೇರಿದ್ದೆಂದು ಮೇಲಿನ ಮಹಡಿಯವರು ಒಪ್ಪಿರಲಿಲ್ಲ.

ಮೇ 20ರಂದು ಆಂಫಾನ್ ಚಂಡಮಾರುತ ಬಂತು. ಸಂಜೆಯಿಂದ ನಡುರಾತ್ರಿಯವರೆಗೆ ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ಗಾಳಿ. ಅಲಿಪುರದಲ್ಲಿ ನಮ್ಮ ವಸತಿಗೃಹದ ಮುಂದಿನ ಮರಗಳು ಒಂದರ ಮೇಲೊಂದು ಉರುಳುವುದನ್ನು ಕತ್ತಲಲ್ಲಿ ಕಿವಿಯಿಂದಲೇ ಎಣಿಸಿದೆವು. ನಗರದಲ್ಲಿ ಸಾವಿರಾರು ಮರಗಳು ಬಿದ್ದಿದ್ದವು, ಕರೆಂಟಿಲ್ಲ, ಫೋನಿಲ್ಲ. ಎರಡು ದಿನಗಳ ನಂತರ ಕೊಂಬೆಗಳನ್ನು ದಾಟುತ್ತಾ ಚೇತ್ಲಾಕ್ಕೆ ನಡೆದುಹೋದೆವು. ನಮ್ಮ ಹೊಸ ಗಾಜುಗಳಲ್ಲಿ ಎರಡು ಒಡೆದಿದ್ದವು. ಒಡೆಯದವುಗಳ ಕೆಳಗಿನ ಸಂದಿಯಿಂದ ಮಳೆ ನುಗ್ಗಿ, ಬಿಳಿಯ ಟೈಲ್ಸಿನ ಮೇಲೆ ಕೆಸರು ನಿಂತಿತ್ತು. ಮೇಲಿನ ಎರಡು ಮಹಡಿಗಳ ಖಡಖಡಿಗಳು ಇದ್ದಲ್ಲೇ ಇದ್ದವು. ಗಾಳಿಗೆ ಎದೆಯೊಡ್ಡದೆ ಸಂದಿಗಳಿಂದ ದಾರಿ ಬಿಟ್ಟು, ಅರವತ್ತು ವರ್ಷ ಇಂಥ ಎಷ್ಟು ಗಾಳಿಗಳನ್ನು ಅವು ಕಂಡಿದ್ದವೋ. ಬೀದಿಯ ನೀರು ಜಗಲಿಯ ಎರಡನೆಯ ಮೆಟ್ಟಿಲಿನವರೆಗೆ ಏರಿ ಇಳಿದ ಗುರುತಿತ್ತು. ನಾವು ಒಡೆಸಬೇಕೆಂದಿದ್ದ ಜಗಲಿ ಅದು. ಮೇಲಿನ ಮಹಡಿಯ ಹಿರಿಯರು ಬಾಲ್ಕನಿಯಿಂದ ಬಗ್ಗಿ ನೋಡಿ, ಏನೂ ಹೇಳದೆ ಒಳಗೆ ಹೋದರು.

ಎಂ.ಎ. ಓದುವಾಗ ನೈಪಾಲರ ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್ ಕಾದಂಬರಿಯನ್ನು ಕಣ್ಣೀರು ಹಾಕಿ ಓದಿದವರು ನಾವು. ಜೀವಮಾನವೆಲ್ಲ ಪರರ ಸೂರಿನಡಿ ನವೆದ ಮೋಹನ್ ಬಿಸ್ವಾಸ್ ಕೊನೆಗೊಂದು ಮನೆ ಕೊಳ್ಳುತ್ತಾನೆ. ಕೊಂಡ ಮೇಲೆ ಮುಚ್ಚದ ಕಿಟಕಿ, ತೆರೆಯದ ಬಾಗಿಲುಗಳು ಕಣ್ಣಿಗೆ ಬೀಳುತ್ತವೆ. ಮಾರಿದವನು ಒಬ್ಬ ವಕೀಲರ ಗುಮಾಸ್ತ. ಮನೆಗಳನ್ನು ಕಟ್ಟಿ ಮಾರುವುದು ಅವನ ಉಪಕಸುಬು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಆ ಗುಮಾಸ್ತ ನಮ್ಮ ಗಮನಕ್ಕೇ ಬಂದಿರಲಿಲ್ಲ. ಸರ್ಕಾರಿ ಮನೆಯಲ್ಲಿ ಬದುಕಿದ ಅಷ್ಟೂ ವರ್ಷ ನಾವೇ ಬಿಸ್ವಾಸ್ ಎಂದುಕೊಂಡಿದ್ದೆವು. ಒಡೆದ ಗಾಜನ್ನು ಗುಡಿಸುತ್ತಿದ್ದ ಆ ದಿನ, ಕಾದಂಬರಿಯೊಳಗೆ ನಮ್ಮ ಜಾಗ ಬದಲಾಗಿರುವುದು ಹೊಳೆಯಿತು.

ಹೊಳೆದದ್ದು ನಿಜ, ಹೊಳೆದ ಮಾತ್ರಕ್ಕೆ ಮನುಷ್ಯ ಬದಲಾಗುವುದಿಲ್ಲ ಎಂಬುದೂ ನಿಜ. ಗಾಜು ಬದಲಾಯಿಸಿದೆವು, ಹಲಗೆ ಒರೆಸಿದೆವು. ಮುಂದಿನ ಒಂದು ವರ್ಷ ಕೊಳ್ಳುವವರೇ ಬರಲಿಲ್ಲ. ಬ್ಯಾಂಕಿನ ಬಡ್ಡಿ ಮಾತ್ರ ತಪ್ಪದೆ ಬಂತು. 2021ರ ಜುಲೈಯಲ್ಲಿ ಪಶ್ಚಿಮ ಬಂಗಾಳ ಸರ್ಕಾರ ಮುದ್ರಾಂಕ ಶುಲ್ಕದಲ್ಲಿ ಶೇ 2ರ ರಿಯಾಯಿತಿ ಘೋಷಿಸಿದ ಮೇಲೆ ಜನ ಮತ್ತೆ ಮನೆ ನೋಡತೊಡಗಿದರು. ಸೆಪ್ಟೆಂಬರಿನಲ್ಲಿ ಒಂದು ಕುಟುಂಬ ಬಂತು. ಆತ ಶಾಲಾ ಉಪಾಧ್ಯಾಯ, ಆಕೆ ಆಸ್ಪತ್ರೆಯಲ್ಲಿ ದಾದಿ, ನಾಲ್ಕು ವರ್ಷದ ಮಗಳು, ಜೊತೆಗೆ ವಯಸ್ಸಾದ ಅತ್ತೆ. 56 ಲಕ್ಷಕ್ಕೆ ಒಪ್ಪಿದರು. ಬೀದಿ ಬದಿಯ ಕೋಣೆಯನ್ನು ನೋಡಿ ಆಕೆ, "ಇದು ಅಮ್ಮನಿಗೆ. ಸ್ನಾನದ ಮನೆ ಹತ್ತಿರ. ಅವರಿಗೆ ದಮ್ಮು, ಬೆಚ್ಚಗಿರಬೇಕು" ಎಂದು ಹಲಗೆಯ ಮೇಲೆ ಕೈಯಾಡಿಸಿದರು. "ಮರದ ಕೆಲಸ ಚೆನ್ನಾಗಿದೆ" ಎಂದರು.

ಆ ಕ್ಷಣದಲ್ಲೇ ಸತ್ಯ ಹೇಳಿಬಿಟ್ಟೆವು ಎಂದು ಬರೆಯುವ ಆಸೆಯಿದೆ. ಹಾಗಾಗಲಿಲ್ಲ. ಮುಂಗಡ ಎರಡು ಲಕ್ಷ ತೆಗೆದುಕೊಂಡು, ಕರಾರುಪತ್ರಕ್ಕೆ ರುಜು ಹಾಕಿ ಮನೆಗೆ ಬಂದೆವು. ಮುಂದಿನ ಹನ್ನೊಂದು ದಿನ ನಮ್ಮ ಮನೆಯಲ್ಲಿ ಅದರ ಮಾತೇ ಇರಲಿಲ್ಲ. ಇಬ್ಬರೂ ಬೇರೆಬೇರೆಯಾಗಿ ಅದನ್ನೇ ಯೋಚಿಸುತ್ತಿದ್ದೇವೆ ಎಂಬುದಕ್ಕೆ ಆ ಮೌನವೇ ಸಾಕ್ಷಿಯಾಗಿತ್ತು. ಹಳೆಯ ಮನೆ ಎಂದ ಮೇಲೆ ನೋಡಿ ಕೊಳ್ಳುವುದು ಕೊಳ್ಳುವವರ ಹೊಣೆ. ಕಾನೂನಿನ ಪ್ರಕಾರ ನಾವು ಸುಳ್ಳೇನೂ ಹೇಳಿಲ್ಲ. ಎಲ್ಲರೂ ಹೀಗೆಯೇ ಮಾಡುತ್ತಾರೆ. ಸಮಾಧಾನಗಳಿಗೆ ಕೊರತೆಯಿರಲಿಲ್ಲ. ನಿಜ ಹೇಳಬೇಕೆಂದರೆ, ಮೊದಲನೆಯ ಸಮಾಧಾನವನ್ನು ಕಾನೂನೂ ಒಪ್ಪುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನಂತೆ, ಸಾಧಾರಣ ಎಚ್ಚರದಿಂದ ನೋಡಿದರೂ ಕೊಳ್ಳುವವರಿಗೆ ಕಾಣದ, ತನಗೆ ಮಾತ್ರ ತಿಳಿದಿರುವ ಮುಖ್ಯ ದೋಷಗಳನ್ನು ಮಾರುವವನು ತಿಳಿಸಬೇಕು. ಇದನ್ನು ನಾವು ಹುಡುಕಿ ಓದಿದ್ದು ಹತ್ತನೆಯ ದಿನ. ಹನ್ನೊಂದನೆಯ ದಿನ ಫೋನ್ ಮಾಡಿ ಅವರನ್ನು ಚೇತ್ಲಾಕ್ಕೆ ಕರೆದು, ಮಿಸ್ತ್ರಿಯಿಂದ ಎರಡು ಹಲಗೆಗಳನ್ನು ತೆಗೆಸಿದೆವು.

ಹಿಂದೆ ಗೋಡೆ ಹೂತ ಬೂಷ್ಟಿನಿಂದ ಕಪ್ಪಾಗಿತ್ತು. ಕಮಟು ವಾಸನೆ ಕೋಣೆಗೆ ಹರಡಿತು. ಆಕೆ ಸ್ವಲ್ಪ ಹೊತ್ತು ನೋಡಿ, "ಮೊದಲೇ ಹೇಳಬಹುದಿತ್ತಲ್ಲ" ಎಂದರು. ಅಷ್ಟೇ. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಮುಂಗಡ ಹಿಂತಿರುಗಿಸಲು ಸಿದ್ಧರಿದ್ದೆವು. ಅವರು ಎರಡು ದಿನ ಕೇಳಿಕೊಂಡು, ಒಂದೂವರೆ ಲಕ್ಷ ಕಡಿಮೆ ಮಾಡಿದರೆ ಗೋಡೆಯನ್ನು ತಾವೇ ಸರಿಯಾಗಿ ಮಾಡಿಸಿಕೊಳ್ಳುವುದಾಗಿ ಹೇಳಿದರು. ದುರ್ಗಾಪೂಜೆ ಮುಗಿದ ಮೇಲೆ, ಅಕ್ಟೋಬರ್ ಕೊನೆಯಲ್ಲಿ, 54 ಲಕ್ಷ 50 ಸಾವಿರಕ್ಕೆ ನೋಂದಣಿಯಾಯಿತು. ಅಷ್ಟು ವರ್ಷ ನಮ್ಮ ಪರವಾಗಿ ಓಡಾಡಿದ ದಲಾಲಿ ಆ ದಿನ ನಮ್ಮೊಡನೆ ಚಹಾ ಕುಡಿಯಲು ಬರಲಿಲ್ಲ.

ಥೋರೋ ವಾಲ್ಡನ್ ಕೊಳದ ಬಳಿ ತಾನು ಕಟ್ಟಿಕೊಂಡ ಗುಡಿಸಲಿನ ಖರ್ಚನ್ನು ಮೊಳೆಯ ಬೆಲೆ ಸಮೇತ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಒಟ್ಟು 28 ಡಾಲರ್ ಹನ್ನೆರಡೂವರೆ ಸೆಂಟು. ಆ ಮೇಲ್ಪಂಕ್ತಿಯನ್ನು ಹಿಡಿದು ನಮ್ಮ ಲೆಕ್ಕವನ್ನೂ ಇಲ್ಲಿ ಬಿಚ್ಚಿಡುತ್ತೇವೆ. ಕ್ರಯ 36 ಲಕ್ಷ. ಮುದ್ರಾಂಕ, ನೋಂದಣಿ, ವಕೀಲರು 2 ಲಕ್ಷ 80 ಸಾವಿರ. ಕೊಳ್ಳುವಾಗಿನ ದಲಾಲಿ 36 ಸಾವಿರ. ದುರಸ್ತಿ, ಚಂಡಮಾರುತದ ನಂತರದ ರಿಪೇರಿಯೂ ಸೇರಿ, 7 ಲಕ್ಷ 15 ಸಾವಿರ. 32 ತಿಂಗಳ ಬ್ಯಾಂಕ್ ಬಡ್ಡಿ 5 ಲಕ್ಷ 60 ಸಾವಿರ. ಪಾಲಿಕೆಯ ತೆರಿಗೆ, ವಿದ್ಯುತ್ತು ಇತ್ಯಾದಿ 62 ಸಾವಿರ. ಮಾರುವಾಗಿನ ದಲಾಲಿ 54,500. ಒಟ್ಟು 53 ಲಕ್ಷ 7,500. ಉಳಿದದ್ದು 1 ಲಕ್ಷ 42,500. ಬಂಡವಾಳ ಲಾಭದ ತೆರಿಗೆಯನ್ನು ಲೆಕ್ಕ ಹಾಕುವಾಗ ಬ್ಯಾಂಕಿನ ಬಡ್ಡಿಯನ್ನು ನಾವು ವೆಚ್ಚವೆಂದು ತೋರಿಸಲಿಲ್ಲ. ದುರಸ್ತಿಯಲ್ಲೂ ರಸೀದಿಯಿದ್ದ 5 ಲಕ್ಷ 20 ಸಾವಿರಕ್ಕಷ್ಟೇ ಮಾನ್ಯತೆ. ತೆರಿಗೆ ಸುಮಾರು 81,500. ಕೈಗೆ ನಿಂತದ್ದು 61 ಸಾವಿರ. ತಿಂಗಳಿಗೆ ಸುಮಾರು 1,900 ರೂಪಾಯಿ. ಗೃಹಸಾಲದ ಬಡ್ಡಿಯ ಮೇಲೆ ಆದಾಯ ತೆರಿಗೆಯಲ್ಲಿ ಸಿಕ್ಕ ರಿಯಾಯಿತಿಯನ್ನು ಸೇರಿಸಿದರೂ, ನಾವು ಕೈಯಿಂದ ಹಾಕಿದ ಇಪ್ಪತ್ತೊಂದು ಲಕ್ಷ ಬ್ಯಾಂಕಿನ ಠೇವಣಿಯಲ್ಲಿ ನಿದ್ದೆ ಮಾಡಿದ್ದರೆ ಇದಕ್ಕಿಂತ ಹೆಚ್ಚು ದುಡಿಯುತ್ತಿತ್ತು.

ಕಡಲಾಚೆಯ ಸೂತ್ರ ಎಡವಿದ್ದು ಎಲ್ಲೆಂದರೆ, ನಮ್ಮ ದೇಶದಲ್ಲಿ ಮನೆ ಕೈ ಬದಲಾಯಿಸುವುದಕ್ಕೇ ತೆರಬೇಕಾದ ಸುಂಕ ದೊಡ್ಡದು. ದುರಸ್ತಿಯ ಗಡುವು ಮತ್ತು ಮಳೆಗಾಲ ಎರಡೂ ನಮ್ಮ ಕೈಯಲ್ಲಿಲ್ಲ. ಬೇಗ ಮಾರಿದವನಿಗೆ ಮಾತ್ರ ಲಾಭ. ಬೇಗ ಮಾರಬೇಕಾದರೆ ಗೋಡೆ ಒಣಗುವವರೆಗೆ ಕಾಯುವಂತಿಲ್ಲ. ಲಾಭ ಬರುವುದು ಎಲ್ಲಿಂದ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನಮಗೆ ದೊರೆತಿಲ್ಲ. 1 ಲಕ್ಷ 10 ಸಾವಿರಕ್ಕೂ 22 ಸಾವಿರಕ್ಕೂ ನಡುವಿನ ವ್ಯತ್ಯಾಸದಲ್ಲಿ ಅದು ಇರುತ್ತದೆ. ಭಾವನವರು ಹೇಳಿದ, ಗೋಡೆಯೊಳಗಿನ ದುಡ್ಡು ಅದೇ.

ಮಾರಾಟದ ವಿವರವನ್ನು ಕಚೇರಿಗೆ ಸಲ್ಲಿಸಿದಾಗ ಮೇಲಧಿಕಾರಿಯೊಬ್ಬರು ನಗುತ್ತಲೇ, "ಮುಂದಿನದು ಯಾವಾಗ?" ಎಂದರು. ಒಂದು ಮನೆ ಕೊಂಡು ಮಾರಿದರೆ ಹೂಡಿಕೆ. ಎರಡನೆಯದನ್ನು ಕೊಂಡರೆ ಪ್ರಶ್ನೆ ಏಳುತ್ತದೆ. ಮೂರನೆಯದು ನಿಸ್ಸಂಶಯವಾಗಿ ವ್ಯಾಪಾರ. ಪೂರ್ವಾನುಮತಿಯಿಲ್ಲದೆ ಸರ್ಕಾರಿ ನೌಕರ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ವ್ಯಾಪಾರದಲ್ಲಿ ತೊಡಗುವಂತಿಲ್ಲ ಎನ್ನುತ್ತದೆ 15ನೇ ನಿಯಮ. ಪದೇ ಪದೇ ಕೊಂಡು ಮಾರುವುದನ್ನು ಸಟ್ಟಾ ಎಂದೇ ಎಣಿಸುತ್ತದೆ 16ನೇ ನಿಯಮ. "ಹಾಗಿದ್ದರೆ ತಂಗಿಯ ಹೆಸರಿನಲ್ಲಿ ಮಾಡಿ, ಕಚೇರಿಗೆ ತಿಳಿಸಿದರಾಯಿತು" ಎಂದು ಭಾವನವರು ಉಪಾಯ ಹೇಳಿದರು. ನಿಯಮದಲ್ಲಿ ಅದಕ್ಕೆ ಎಡೆಯಿದೆ. ಆದರೆ ಅಷ್ಟು ಹೊತ್ತಿಗೆ ನಮಗೆ ನಿಯಮದ ಅಡ್ಡಿ ಬೇಕಾಗಿತ್ತು. ಬೇಡವೆಂದು ಹೇಳಲು ನಮ್ಮದೇ ಆದ ಕಾರಣವನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಅದು ಸುಲಭ.

ಕೊಂಡವರು 2022ರ ಬೇಸಗೆಯಲ್ಲಿ ಊಟಕ್ಕೆ ಕರೆದಿದ್ದರು. ಹಲಗೆಗಳೆಲ್ಲ ಹೋಗಿದ್ದವು. ಬುಡದಲ್ಲಿ ಕೊರೆದ ತೂತುಗಳ ಸಾಲು, ಮೇಲೆ ಬರಿಯ ಸುಣ್ಣದ ಗಿಲಾವು. ಒಣಗುವವರೆಗೆ ಬಣ್ಣ ಬೇಡವೆಂದಿದ್ದ ಮಿಸ್ತ್ರಿ. ಅತ್ತೆಯವರು ಆ ಕೋಣೆಯಲ್ಲಿರಲಿಲ್ಲ. ಪುಟ್ಟ ಕೋಣೆಯಲ್ಲಿ, ಉಳಿದುಕೊಂಡ ಕೆಂಪು ನೆಲದ ಮೇಲೆ, ಮೊಮ್ಮಗಳ ಪಕ್ಕದಲ್ಲಿ ಚಾಪೆಯನ್ನೂ ಹಾಸಿಕೊಳ್ಳದೆ ಮಲಗಿದ್ದರು. "ಇಡೀ ಮನೆಗೆ ಇಂಥದ್ದೇ ನೆಲ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು" ಎಂದರು ಅವರು, ಯಾವ ಕೊಂಕೂ ಇಲ್ಲದೆ. ಇತ್ತು ಎಂದು ಹೇಳಲು ನಮಗೆ ಬಾಯಿ ಬರಲಿಲ್ಲ. ಆ ಒಂದು ಸತ್ಯವನ್ನು ಇವತ್ತಿಗೂ ಅವರಿಗೆ ಹೇಳಿಲ್ಲ.

ನಾವು ಈಗಲೂ ಅಲಿಪುರದ ಸರ್ಕಾರಿ ಮನೆಯಲ್ಲೇ ಇದ್ದೇವೆ. ಕಳೆದ ಮಳೆಗಾಲದಲ್ಲಿ ಹಜಾರದ ಮೂಲೆ ಸೋರತೊಡಗಿದಾಗ ದೂರಿನ ಪುಸ್ತಕದಲ್ಲಿ ಬರೆದು, ಕಾಯದೆ, ನಾವೇ ತಾರಸಿ ಹತ್ತಿ ಕಸ ತುಂಬಿದ್ದ ನೀರಿನ ದೋಣಿಯನ್ನು ಬಿಡಿಸಿ ಬಂದೆವು. ಪ್ರತಿ ವರ್ಷ ಆಷಾಢ ಕಳೆಯುವ ಹೊತ್ತಿಗೆ ಚೇತ್ಲಾದಿಂದ ಮೊಬೈಲಿಗೆ ಒಂದು ಚಿತ್ರ ಬರುತ್ತದೆ: ಬೀದಿ ಬದಿಯ ಕೋಣೆಯ ಗೋಡೆ. ಮಾತಿಲ್ಲ, ಚಿತ್ರ ಮಾತ್ರ. ಮೊದಲ ವರ್ಷ ತೇವದ ಗುರುತು ಮೊಣಕಾಲೆತ್ತರಕ್ಕಿತ್ತು. ಈ ಸಲ ಒಂದು ಗೇಣು. ನಾವಿಬ್ಬರೂ ಕನ್ನಡಕ ಹಾಕಿಕೊಂಡು, ಚಿತ್ರವನ್ನು ಹಿಗ್ಗಿಸಿ, ಗೇಣಿಗಿಂತ ಸ್ವಲ್ಪ ಕಡಿಮೆಯೇ ಇರಬಹುದೇ ಎಂದು ಬಹಳ ಹೊತ್ತು ನೋಡಿದೆವು.